ಇದ್ದದ್ದು ಇದ್ದ ಹಾಗೆ

ಒಪ್ಪಂದದ ಹದಿನಾಲ್ಕನೇ ಪುಟದಲ್ಲಿ ಒಂದು ಸಾಲು:
ತಂತ್ರಾಂಶವನ್ನು ‘ಇದ್ದದ್ದು ಇದ್ದ ಹಾಗೆ’
ಕಂಪನಿಗೆ ಒಪ್ಪಿಸತಕ್ಕದ್ದು.
ನಗು ಬಂತು. ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯುವ ಸೀಮೆಯವಳು ನಾನು.
ಪ್ರಿನ್ಸಿಪಾಲರು ಪೆನ್ನು ಮುಂದೆ ಮಾಡಿದರು.
ಶಾಲು ತರಲು ಚಿಕ್ಕಬಳ್ಳಾಪುರದ ಪೇಟೆಗೆ ಹೋದವನು
ಇನ್ನೂ ಬಂದಿರಲಿಲ್ಲ.

ಇದ್ದದ್ದು ಏನು?
ಆರು ವರ್ಷ, ಮೂರು ಬ್ಯಾಚು,
ಹನ್ನೊಂದು ಸಾವಿರ ಸಾಲು,
ಅದರಲ್ಲಿ ನಾಲ್ಕು ಸಾವಿರ ಯಾಕಿದೆಯೋ ತಿಳಿಯದು.
‘ಇದನ್ನು ಮುಟ್ಟಬೇಡಿ, ಹೇಗೋ ಓಡ್ತಿದೆ’
ಎಂದು ಪಿಳ್ಳಪ್ಪ ಬರೆದಿಟ್ಟ ಟಿಪ್ಪಣಿ;
ಅವನೀಗ ಚಿಂತಾಮಣಿಯಲ್ಲಿ ಗಣಿತದ ಮೇಷ್ಟ್ರು,
ಫೋನು ಮಾಡಿದರೆ ಅವನಿಗೂ ನೆನಪಿಲ್ಲ.
ಪರೀಕ್ಷೆಯ ಹಿಂದಿನ ರಾತ್ರಿ ಮುನಿಲಕ್ಷ್ಮಿ ಬರೆದ ಫಂಕ್ಷನ್ನು,
ಅದರ ಹೆಸರು ‘ದೇವರೇ ಕಾಪಾಡು’,
ಕಾಪಾಡಿಕೊಂಡೇ ಬಂದಿದೆ ಇಲ್ಲಿಯವರೆಗೆ.

ಕೆಲಸ ಇಷ್ಟೇ: ರೇಷ್ಮೆಗೂಡು ಅಲ್ಲಾಡಿಸುವುದು,
ಮೈಕಿನಲ್ಲಿ ಕೇಳುವುದು.
ಒಳಗಿನ ಹುಳ ಲೊಡಕ್ ಎಂದರೆ ಒಳ್ಳೆಯದು,
ಸತ್ತು ಗೋಡೆಗೆ ಅಂಟಿದ್ದರೆ ಸದ್ದಿಲ್ಲ.

ಹರಿಣಾಕ್ಷಿ ಬಂದಳು ಕಂಪನಿಯ ಕಡೆಯಿಂದ,
ಗೌರಿಬಿದನೂರಿನಿಂದ ಬೈಕಿನಲ್ಲಿ.
ಹೆಲ್ಮೆಟ್ಟು ಕೀಬೋರ್ಡಿನ ಪಕ್ಕ ಇಟ್ಟು
ಮೂರು ದಿನ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಓದಿದಳು.
ಏಳು ಸಾವಿರದ ಇನ್ನೂರ ಆರನೇ ಸಾಲಿಗೆ ಬೆರಳು ನಿಂತಿತು.
‘ಮೇಡಂ, ಈ ಪ್ಯಾರೇಜಾನ್ ಅಂದ್ರೆ ಯಾವ ಅಲ್ಗಾರಿದಮ್ಮು?
ಸೊನ್ನೆ ಪಾಯಿಂಟ್ ಏಳು ಮೂರು ಅಂತಿದೆ.
ಆಧಾರ ಏನು? ಲೀಗಲ್‌ನವರು ಕೇಳ್ತಾರೆ.’

ಹೇಗೆ ಹೇಳಲಿ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ನಮ್ಮ ಯಂತ್ರ ಇನ್ನೂರು ಲಾಟಿನಲ್ಲಿ ಎಂಬತ್ತು ತಪ್ಪಿದ ದಿನ
ಹತ್ತಿರ ಬಂದು ನಿಂತ ರೀಲರು,
ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಬೆರಳು.
‘ನಿಮ್ದು ಮಿಷನ್ನು ಎಲ್ಲಾನೂ ಕೇಳ್ತದೆ ಮೇಡಮ್ಮ,
ಅದಕ್ಕೇ ಏನೂ ಕೇಳ್ಸಲ್ಲ ಅದಕ್ಕೆ.’
ಗೂಡು ಎತ್ತಿ, ಬಲಗಿವಿಗೆ ಹಿಡಿದು, ಎರಡೇ ಸಲ ಅಲ್ಲಾಡಿಸಿ
ಹೇಳುತ್ತ ಹೋದರು. ಬರೆದುಕೊಂಡೆವು ನಾವು
ನಾಲ್ಕು ತಿಂಗಳು, ವಾರಕ್ಕೆ ಮೂರು ಬೆಳಗು.
ಟೀ ದುಡ್ಡೂ ಅವರದೇ.
ಅವರ ಕಿವಿಗೂ ನಮ್ಮ ಲೆಕ್ಕಕ್ಕೂ ನಡುವೆ ಕೊನೆಗೂ ಉಳಿದ ಅಂತರ
ಆ ಸಂಖ್ಯೆ. ಮುನಿಲಕ್ಷ್ಮಿಗೆ ಬೇರೆ ಹೆಸರು ಹೊಳೆಯಲಿಲ್ಲ.

ಹಕ್ಕುದಾರರ ಪಟ್ಟಿಯಲ್ಲಿ ಕಾಲೇಜು, ನಾನು, ಅನುದಾನ ಕೊಟ್ಟ ಇಲಾಖೆ.
ಇನ್ನೊಂದು ಹೆಸರು ಸೇರಿಸಿ ಎಂದೆ.
ವಕೀಲರು ಮೃದುವಾಗಿ ನಕ್ಕರು:
‘ಸ್ಥಿರಾಂಕಕ್ಕೆಲ್ಲ ರಾಯಧನ ಕೊಡೋಕಾಗುತ್ತಾ?’

ನಿನ್ನೆ ಸಂಜೆ ಹರಿಣಾಕ್ಷಿಯ ಬೈಕಿನ ಹಿಂದೆ ಕೂತು ಹೋದೆ.
ಪ್ಯಾರೇಜಾನ್ ಮಿಷನ್ನು ನಿಲ್ಲಿಸಿ ಕೈ ಒರೆಸಿಕೊಂಡರು,
ಪರದೆಯ ಮೇಲಿನ ತಮ್ಮ ಹೆಸರನ್ನು
ಬೆಳಕಿಗೆ ಹಿಡಿದ ನೂಲಿನಂತೆ ನೋಡಿದರು.
‘ಏಳು ಮೂರಾ? ಅದು ಬಲಗಿವಿದು.
ಮೋಟರ್ ಸದ್ದಿಗೆ ಅದು ಹೋಯ್ತು ಹೋದ ವರ್ಷ.
ಈಗ ಎಡಗಿವೀಲಿ ಕೇಳೋದು. ಇದು ಜಿಪುಣ ಕಿವಿ,
ಸ್ವಲ್ಪ ಕಮ್ಮೀನೇ ಹೇಳ್ತದೆ.’
ಬುಟ್ಟಿಯಿಂದ ಒಂದು ಗೂಡು ತೆಗೆದು
ಹರಿಣಾಕ್ಷಿಯ ಅಂಗೈಯಲ್ಲಿ ಇಟ್ಟರು.
ಅವಳು ಅಲ್ಲಾಡಿಸಿದಳು. ಸದ್ದಿಲ್ಲ.
ಇನ್ನೊಂದು ಕೊಟ್ಟರು. ಮತ್ತೊಂದು.
ಕತ್ತಲಾಗುವವರೆಗೆ, ಮಾತಿಲ್ಲದೆ.

ಶಾಲು ಬಂತು. ರೇಷ್ಮೆಯ ಸೀಮೆಯಲ್ಲಿ ಪಾಲಿಯೆಸ್ಟರು.
ಹೊದ್ದುಕೊಂಡು ಸಹಿ ಹಾಕಿದೆ.

ಮೂರು ತಿಂಗಳ ನಂತರ ಮೊಬೈಲಿಗೊಂದು ಚಿತ್ರ.
ಎಲ್ಲ ಟಿಪ್ಪಣಿ ಅಳಿಸಿ, ಎಲ್ಲ ಹೆಸರು ತಿದ್ದಿ
ಸಪಾಟಾಗಿದೆ ಕೋಡು. ಪ್ಯಾರೇಜಾನ್ ಈಗ ‘ಕೆ-ನಾಲ್ಕು’.
ಅದರ ನೆತ್ತಿಯ ಮೇಲೆ, ಯಂತ್ರ ಓದದೆ ದಾಟಿಹೋಗುವ ಜಾಗದಲ್ಲಿ,
ಕನ್ನಡದಲ್ಲಿ, ಒಂದು ತಪ್ಪು ಒತ್ತಕ್ಷರದೊಂದಿಗೆ:
‘ಇದು ಬಲಗಿವಿ. ಎಡಗಿವಿಗೆ ಮತ್ತೆ ಅಳೆಯಬೇಕು.
ಭಾನುವಾರ ಅಂಗಡಿ ಇರಲ್ಲ.’