ಕೈಗಡ

ಬೆಳಗಿನ ಜಾವ ನಾಲ್ಕೂವರೆ. ಪೆನ್ಶನ್ ಮೊಹಲ್ಲದ ಅಂಗಡಿಯಲ್ಲಿ
ದಸ್ತಗೀರ್ ಸಾಬರು ಗುರ್ದದ ಸುತ್ತಿನ ಬಿಳಿ ಕೊಬ್ಬು ಬಿಡಿಸಿ
ಹೆಬ್ಬೆರಳಿಂದ ಒತ್ತಿ ತೆಗೆಯುತ್ತಾರೆ
ಹುಣಸೆಬೀಜದಷ್ಟು ಗ್ರಂಥಿ.
"ಗುರ್ದದ ಟೋಪಿ ಇದು. ನಾಯಿನೂ ಮೂಸಲ್ಲ.
ನಿಮ್ಮ ಮೇಷ್ಟ್ರಿಗೆ ಯಾಕಮ್ಮ?"
ನನ್ನ ಟಿಫನ್ ಕ್ಯಾರಿಯರಿನ ಮಂಜುಗಡ್ಡೆಯ ಮೇಲೆ
ಎಣಿಸಿ ಹಾಕುತ್ತಾರೆ, ನಲವತ್ತು.
ದುಡ್ಡು ಸೋಮವಾರ ಕೊಡು, ಹೋಗು ಅನ್ನುತ್ತಾರೆ.

ಯಾಕೆ ಅಂದರೆ, ಸಾಬರೇ,
ಆ ಟೋಪಿಯೊಳಗೆ ಕೈಗಡದ ವ್ಯವಹಾರ ನಡೆಯುತ್ತದೆ.
ಪತ್ರವಿಲ್ಲ, ಸಾಕ್ಷಿಯಿಲ್ಲ.
ಹಳದಿ ಅಂಗಿಯ ದೊಡ್ಡ ಕುಳ ಒಬ್ಬ, ಹೆಸರು ರಿಡಕ್ಟೇಸ್.
ಅವನಿಗೆ ಎಲೆಕ್ಟ್ರಾನು ಬರುವುದು ಜೋಡಿಯಾಗಿ,
ಬಿಚ್ಚುವುದು ಮಾತ್ರ ಒಂದೊಂದೇ.
ಇಸ್ಕೊಂಡು ಹೋಗುವವನು ಚಿಕ್ಕ ಆಳು, ಅಡ್ರಿನೋಡಾಕ್ಸಿನ್.
ಹೊಟ್ಟೆಯಲ್ಲಿ ಎರಡು ಕಬ್ಬಿಣ, ಎರಡು ಗಂಧಕ.
ನಾಲ್ಕು ಸಿಸ್ಟೀನುಗಳು ಅದನ್ನು
ತೊಟ್ಟಿಲ ಹಗ್ಗದ ಹಾಗೆ ಹಿಡಿದುಕೊಂಡಿವೆ.

ಅವನ ಮೈಯ ಒಂದು ಬದಿಗೆ ಋಣ.
ಕೊಡುವವನ ಮೈಮೇಲೆ ಧನ.
ವಿದ್ಯುತ್ತಿಗೆ ಈ ಹೆಸರಿಟ್ಟವರು
ಯಾರ ಮನೆಯ ಸಾಲ ನೋಡಿದ್ದರೋ.
ಋಣ ಧನಕ್ಕೆ ಅಂಟುತ್ತದೆ, ಎಲೆಕ್ಟ್ರಾನು ದಾಟುತ್ತದೆ,
ದಾಟಿದ್ದೇ ತಡ ಹಿಡಿತ ಸಡಿಲ.
ಆಮೇಲೆ ಇವನು ಹೋಗಬೇಕು
ಪಿ-ನಾನೂರೈವತ್ತು ಎಂಬ ಕತ್ತರಿಯ ಬಳಿಗೆ,
ಅಲ್ಲೂ ಅದೇ ಬದಿ ತೋರಿಸಬೇಕು. ಇರುವುದು ಅದೊಂದೇ ಮುಖ.
ಕೊಟ್ಟವನನ್ನೂ ಕಾದವನನ್ನೂ
ಒಟ್ಟಿಗೆ ತಬ್ಬಲು ಆಗುವುದಿಲ್ಲ.

ಆರು ಸಲ ಓಡಾಡಿದರೆ
ಇಪ್ಪತ್ತೇಳು ಇಂಗಾಲದ ಕೊಲೆಸ್ಟೆರಾಲಿಂದ ಬಾಲದ ಆರು ಕಳಚಿ
ಇಪ್ಪತ್ತೊಂದು ಉಳಿಯುತ್ತದೆ.
ಅಲ್ಲಿಂದ ಮುಂದೆ ಬಸಿರು, ಮೀಸೆ, ಉಪ್ಪಿನ ಹದ,
ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ತ್ರಾಣ.

ಇದಾವುದನ್ನೂ ಹೇಳಲಿಲ್ಲ.
"ಔಷಧಿಗೆ, ಸಾಬರೇ" ಅಂದೆ.
ಅದೂ ಪೂರ್ತಿ ನಿಜವಲ್ಲ.

ಅಕ್ಕ ಕುಸುಮಾವತಿಗೆ ಮೊದಲು ಕಪ್ಪಾದದ್ದು ಅಂಗೈಯ ಗೆರೆ.
ಮದುವೆಮನೆಯ ಮೆಹಂದಿ ಅಂದುಕೊಂಡೆವು.
ಆಮೇಲೆ ಸೆರಗಿನ ಗಂಟಲ್ಲಿ ಕಲ್ಲುಪ್ಪು,
ಕೂತಲ್ಲಿ ಒಂದು ಹರಳು, ನಿಂತಲ್ಲಿ ಒಂದು ಹರಳು.
ಬಸುರಿ ಬಯಕೆ ಅಂದರು ಅತ್ತೆ, ಎರಡು ತಿಂಗಳು ಕಾದರು.
ಅರಸೀಕೆರೆ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ
ಹೂವಿನ ಬುಟ್ಟಿ ಸಮೇತ ಕುಸಿದ ದಿನ
ಡಾಕ್ಟರು ಫಿಲ್ಮು ಎತ್ತಿ ಹಿಡಿದು ತೋರಿಸಿದರು:
ಎರಡೂ ಟೋಪಿಗಳನ್ನು ಟೀಬಿ ತಿಂದು ಮುಗಿಸಿತ್ತು.
ಕೊಡುವವನಿಲ್ಲ, ಒಯ್ಯುವವನಿಲ್ಲ, ಕತ್ತರಿಯೂ ಇಲ್ಲ.
ಬೆಳಿಗ್ಗೆ ಹತ್ತು ಮಿಲಿಗ್ರಾಂ, ಮಧ್ಯಾಹ್ನ ಐದು,
ಒಂದು ದಿನವೂ ತಪ್ಪಬಾರದು.
ಆ ಮಾತ್ರೆ ಅರಸೀಕೆರೆಯಲ್ಲಿ ಸಿಗದು.
ಶನಿವಾರದ ಪ್ಯಾಸೆಂಜರಿಗೆ ನಾನು ಒಯ್ಯುತ್ತೇನೆ.

ಒಮ್ಮೆ ಲ್ಯಾಬಿಗೆ ಬಂದಿದ್ದಳು.
ಗಾಜಿನ ಕೊಳವೆಯಲ್ಲಿ ನಿಧಾನ ಇಳಿಯುತ್ತಿತ್ತು ಕಂದು ಪಟ್ಟಿ,
ಹುರುಳಿ ಬಸಿದ ಕಟ್ಟಿನ ಬಣ್ಣ.
"ಇಷ್ಟೊಂದಿದೆಯಲ್ಲೇ, ಒಂದು ಗುಟುಕು ನನಗೆ ಕೊಡಬಾರದೇ?"
ಕುಡಿದರೆ ಬೇಳೆಕಟ್ಟಿನಂತೆ ಅರಗಿಹೋಗುತ್ತೆ ಅಕ್ಕಾ, ಅಂದೆ.
"ಹಾಗಾದರೆ ಬೇಳೆಯನ್ನೇ ಹಾಕಬಹುದಿತ್ತು" ಅಂದಳು.
ನಕ್ಕೆವು. ಮೇಷ್ಟ್ರು ಬಾಗಿಲಿಂದ ಇಣುಕಿ ಹೋದರು.

ಶುಕ್ರವಾರ ಮೂರು ಗಂಟೆ ಕರೆಂಟಿಲ್ಲ.
ಶೀತಲ ಕೋಣೆ ಬೆವರಿತು.
ನಲವತ್ತು ಕುರಿಗಳ ಕಂದು ನೀರಾಗಿ ತೆಳುವಾಯಿತು.
ಮೇಷ್ಟ್ರು ಏನೂ ಅನ್ನಲಿಲ್ಲ, ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದರು.

ಶನಿವಾರ ಅಕ್ಕ ಸೆರಗಿನ ಗಂಟು ಬಿಚ್ಚಿ
ಮಾತ್ರೆಯ ದುಡ್ಡು ಕೊಟ್ಟಳು.
ಬೇಡ ಅಂದರೆ ಕೇಳಲಿಲ್ಲ, "ಋಣ ಇಟ್ಟುಕೊಳ್ಳಬಾರದು."
ಇನ್ನೂರರ ನೋಟು, ಹಪ್ಪಳದ ಹಾಗೆ ಸೆಟೆದಿತ್ತು.
ಸೋಮವಾರ ಅದನ್ನೇ ಸಾಬರಿಗೆ ಕೊಟ್ಟೆ.
ಬಲ್ಬಿನ ಬೆಳಕಿಗೆ ಹಿಡಿದು ನೋಡಿದರು,
ಬೆರಳಿಗೆ ಬೆರಳು ಉಜ್ಜಿದರು.
"ಉಪ್ಪಾಗಿದೆಯಲ್ಲಮ್ಮ" ಅಂದರು,
ಗಲ್ಲಾಕ್ಕೆ ಹಾಕಿಕೊಂಡರು,
ಮುಂದಿನ ಕುರಿಗೆ ಕೈ ಹಾಕಿದರು.