ಹಲಗೆಯ ಸದ್ದು

ಮಾಚೇನಹಳ್ಳಿಯ ಫೌಂಡ್ರಿ, ಎರಡನೇ ಪಾಳಿ.
ಹಾಲೇಶಪ್ಪ ಸುತ್ತಿಗೆಯನ್ನು ಸಡಿಲ ಹಿಡಿದು
ಪಂಪಿನ ಕವಚವೊಂದನ್ನು ತಟ್ಟುತ್ತಾರೆ, ಒಮ್ಮೆ.
ಣಣ್ ಎಂದರೆ ಲಾರಿಗೆ.
ಡಬ್ ಎಂದರೆ ಕುಲುಮೆಗೆ ವಾಪಸ್ಸು.
ಮಡಕೆ ಕೊಳ್ಳೋರ ವಿದ್ಯೆ ಮೇಡಂ,
ಇದಕ್ಕೂ ಪಿಎಚ್‌ಡಿ ಕೊಡ್ತಾರಾ?

ಕೊಡುತ್ತಾರೆ. ನನಗೆ ಕೊಡುವವರಿದ್ದರು.
ನಾಲ್ಕು ಸಾವಿರ ತಟ್ಟು, ಎರಡು ಮೈಕು,
ಗೈಡು ಮೂರು ಸಲ ತಿದ್ದಿದ ಶೀರ್ಷಿಕೆ.
ಈಗ ಅದರಲ್ಲಿ ಎಐ ಎಂಬೆರಡಕ್ಷರ ಇರದಿದ್ದರೆ
ಅನುದಾನದ ಕಡತ ಮೇಜು ದಾಟುವುದಿಲ್ಲ.

ಲ್ಯಾಬಿನಲ್ಲಿ ನೂರಕ್ಕೆ ತೊಂಬತ್ತೇಳು!
ಅಂದು ಸಂಜೆ ಎಲ್ಲರಿಗೂ ಮಸಾಲೆ ಮಂಡಕ್ಕಿ ಕೊಡಿಸಿದೆ.
ಇಲ್ಲಿ, ಮೊದಲ ದಿನವೇ,
ಬಂದದ್ದನ್ನೆಲ್ಲ ಸರಿ ಎಂದಿತು.
ಎತ್ತಿದ ಕೈಯಲ್ಲೇ ಎರಡು ಹೋಳಾದದ್ದನ್ನೂ.

ವಾರವಿಡೀ ಕೋಡಿನ ಸಾಲು ಸಾಲು ಕೇರಿದೆ,
ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ.
ಕಲ್ಲು ಮೊರದಲ್ಲಿ ಇರಲೇ ಇಲ್ಲ.

ಕಂಡುಹಿಡಿದವರು ಅವರು, ಚಹಾ ಆರಿಸುತ್ತ:
"ರೆಕಾರ್ಡು ಮಾಡೋವಾಗ ಕೆಟ್ಟಿದ್ದನ್ನೆಲ್ಲ
ಆ ಮರದ ಹಲಗೆ ಮೇಲಿಟ್ಟಿದ್ದೆ,
ಒಳ್ಳೇದನ್ನ ಈ ಕಬ್ಬಿಣದ ಮೇಜಿನ ಮೇಲೆ.
ನಿಮಗೆ ಬೆರಕೆ ಆಗದಿರಲಿ ಅಂತ.
ಈಗ ಎಲ್ಲಾ ಮೇಜಿನ ಮೇಲೇ ಬರುತ್ತೆ.
ನಿಮ್ಮದು ಬಿರುಕು ಕೇಳ್ತಿಲ್ಲ ಮೇಡಂ,
ಹಲಗೆ ಕೇಳ್ತಿದೆ."

ನಕ್ಕೆ. ಬೇರೇನು ಮಾಡುವುದು ತಿಳಿಯಲಿಲ್ಲ.

ಮರಳಿನ ಅಚ್ಚು ಕಟ್ಟಿ ಬೆನ್ನು ಹೋಯಿತಂತೆ,
ಗ್ರೈಂಡಿಂಗಿನ ದೂಳಿಗೆ ಉಸಿರು ಕಟ್ಟಿತಂತೆ,
ನಡುವೆ ಎರಡು ವರ್ಷ ಕ್ರೇನು.
ಸುತ್ತಿಗೆ ನಾಲ್ಕನೇ ಕಸುಬು.
ಕಿವಿ ಮಾತ್ರ ಎಲ್ಲ ಕಡೆ ಜೊತೆಗೇ ಬಂತು ಎನ್ನುತ್ತಾರೆ.
ನನ್ನ ಜೊತೆ ಬಂದದ್ದು ಯಾವುದು?
ಕಲಿತ ನಾಲ್ಕು ಭಾಷೆಗಳಲ್ಲಿ ಎರಡನ್ನು
ಈಗ ಯಾರೂ ಕೇಳುವುದಿಲ್ಲ.
ಫೆಲೋಶಿಪ್ಪು ಮಾರ್ಚಿಗೆ ಮುಗಿಯುತ್ತದೆ.

ಹಲಗೆಯ ಕಥೆ ಪ್ರಬಂಧದಲ್ಲಿ ಬೇಡ ಎಂದರು ಗೈಡು.
ಐದನೇ ಅಧ್ಯಾಯವೇ ಅದು.

ಇವತ್ತು ಮತ್ತೆ ಒಂದರಿಂದ.
ಒಳ್ಳೆಯದೂ ಕೆಟ್ಟದ್ದೂ ಒಮ್ಮೆ ಹಲಗೆ, ಒಮ್ಮೆ ಕಬ್ಬಿಣ.
ತಟ್ಟಿದ ಮೇಲೆ ಅವರೇ ಪರದೆಯಲ್ಲಿ ಗುರುತು ಹಾಕುತ್ತಾರೆ.
ಮೌಸನ್ನೂ ಒಮ್ಮೆ ಮೆಲ್ಲಗೆ ತಟ್ಟಿ
ಕಿವಿಗೊಡುತ್ತಾರೆ.

ಅರವತ್ತೊಂದು ಆಯಿತು.
ಅರವತ್ತೆರಡಕ್ಕೆ ಎತ್ತಿದ ಸುತ್ತಿಗೆ ತಡೆದರು:
"ಆ ಫ್ಯಾನು ಆರಿಸಿ ಮೇಡಂ.
ಅದನ್ನೂ ಕಲಿತುಬಿಡುತ್ತೆ."