ಹನ್ನೆರಡಕ್ಕೆ ಮುಳುಗುವ ಸೂರ್ಯ

ಮೊನಾಸ್ತಿರ್, ೧೯೧೨ರ ನವೆಂಬರ್

ಮೂರು ದಿನ ಗುಡ್ಡದಾಚೆ ಗುಡುಗಿದ ತೋಪು
ಇಂದು ಬಾಯಿ ಕಟ್ಟಿದೆ.
ಸೇತುವೆ ದಾಟಿ ಬಂದವರ ಬೂಟಿಗೆಲ್ಲ ಕೆಸರು,
ಅರ್ಧ ಜನಕ್ಕೆ ಬೂಟೇ ಇಲ್ಲ.

ಗಡಿಯಾರ ಗೋಪುರದ ನಜೀಫ್ ಉಸ್ತಾನನ್ನು
ಕರೆಸಿ ಹೇಳಿದ ಸಾರ್ಜೆಂಟ್:
ನಿಮ್ಮ ಗಂಟೆ ತಪ್ಪು, ನಮ್ಮದಕ್ಕೆ ತಿರುಗಿಸು.

ನಲವತ್ತು ವರ್ಷ ಈ ಊರಲ್ಲಿ
ಸೂರ್ಯ ಮುಳುಗಿದ್ದು ಹನ್ನೆರಡಕ್ಕೇ.
ದಿನಾ ಸಂಜೆ ಮೆಟ್ಟಿಲು ಹತ್ತಿ
ಮುಳ್ಳು ಸರಿಸಿ ಮುಳುಗಿಸುತ್ತಿದ್ದವನು
ಅವನೇ.
ಇವತ್ತು ಬೆರಳು ನಡುಗಿತು,
ಚಳಿಗೋ ಏನೋ.

ಇಳಿದು ಬಂದಾಗ ರೊಟ್ಟಿಯಂಗಡಿ ಬುಲೀಸಾ
ಕದ ಬೆರಳಷ್ಟೇ ತೆರೆದು ಕೇಳಿದಳು:
"ಉಸ್ತಾ, ಈಗೆಷ್ಟು ಗಂಟೆ?"

"ಅವರದೋ, ನಮ್ಮದೋ?"

"ನಾದಿದ ಹಿಟ್ಟು ಹುಳಿ ಬರ್ತಿದೆ ಮಾರಾಯ,
ಒಲೆ ಹಚ್ಚುವ ಹೊತ್ತೋ ಅಲ್ಲವೋ
ಅಷ್ಟು ಹೇಳು."